ಕಂಗ್ಟಿಯ ಕೆಂಡದ ಮೇಲೆ ಪರದೇಶದ ಹಣ್ಣು

ಬೀದರದಿಂದ ನಾರಾಯಣಖೇಡಕ್ಕೆ ಹೋಗುವಾಗ ಮಂಜಿರಾ ನದಿಯನ್ನು ದಾಟಬೇಕು. ದಾಟುವಾಗಲೆಲ್ಲ ನಮಗೆ ಒಂದೇ ವಿಚಾರ ಮನಸ್ಸಿಗೆ ಬರುತ್ತದೆ. ಈ ಹೊಳೆಯ ಎರಡೂ ದಂಡೆಯವರು ಒಂದು ಕಾಲಕ್ಕೆ ಒಂದೇ ಜಿಲ್ಲೆಯವರಾಗಿದ್ದರು. ನಿಜಾಮರ ಆಳಿಕೆಯಲ್ಲಿ ನಾರಾಯಣಖೇಡವೂ ಜಹೀರಾಬಾದವೂ ಬೀದರ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರವು ಮೈಸೂರು ರಾಜ್ಯಕ್ಕೆ ಬಂದಿತು. ಉದಗೀರ, ಅಹಮದಪುರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದಗಳು ಆಂಧ್ರಪ್ರದೇಶದ ಮೆದಕ ಜಿಲ್ಲೆಯ ಪಾಲಾದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಯಿತು. ಕಚೇರಿಯ ಬೋರ್ಡುಗಳು ಮೇಲಿಂದ ಮೇಲೆ ಬದಲಾದವು. ಬೀಗರು ಬಿಜ್ಜರು ಮಾತ್ರ ಇದ್ದಲ್ಲಿಯೇ ಉಳಿದರು. ಹೆಣ್ಣು ಕೊಟ್ಟ ಮನೆ ಒಂದು ರಾಜ್ಯದಲ್ಲಿ, ತಂದ ಮನೆ ಮತ್ತೊಂದು ರಾಜ್ಯದಲ್ಲಿ ಎಂಬುದು ನಮ್ಮ ಕಡೆ ಯಾರಿಗೂ ಹೊಸತಲ್ಲ.

ಈ ಸಲ ನಾವು ಹೊರಟದ್ದು ನಾರಾಯಣಖೇಡದಿಂದಲೂ ಮುಂದೆ ಉತ್ತರಕ್ಕೆ, ಕಂಗ್ಟಿಗೆ. ಮಿರಗದ ಮಳೆ ಬಿದ್ದು ಒಂದು ವಾರವಾಗಿತ್ತು. ಭಾನುವಾರವಾದುದರಿಂದ ಶಾಲೆಯ ಚಿಂತೆ ಇರಲಿಲ್ಲ. ಬಸ್ಸಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. 2023ರಲ್ಲಿ ಮೊದಲು ಕರ್ನಾಟಕದಲ್ಲಿ, ಆ ವರ್ಷದ ಕೊನೆಗೆ ತೆಲಂಗಾಣದಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಬಳಿಕ ತವರಿಗೆ ಹೋಗಿಬರುವವರ ಸಂಖ್ಯೆ ಏರಿದೆ. ನಮ್ಮ ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳು ಈಚೆಯ ದಂಡೆಯವಳು; ಅವಳ ಕೈಯಲ್ಲಿದ್ದ ಕರ್ನಾಟಕದ ಗುರುತಿನ ಚೀಟಿಯನ್ನು ಕಂಡು ಕಂಡಕ್ಟರನು ಟಿಕೇಟು ಹರಿದ. "ನನ್ನ ಅಕ್ಕಗ ಪುಕ್ಕಟ, ನನಗ ರೊಕ್ಕ. ಒಂದೇ ಅವ್ವನ ಮಕ್ಕಳಿಗಿ ಎರಡು ಕಾಯ್ದೆ ಅದ ನೋಡ್ರಿ" ಎಂದು ಅವಳು ನಕ್ಕಳು. 1956ರ ಸಂಗತಿಯನ್ನು ನಾವು ಒಂದು ಪಾಠದಲ್ಲಿ ಹೇಳುವುದನ್ನು ಅವಳು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದಳು.

ದಾರಿಯ ಎರಡೂ ಬದಿಗೆ ಕರಿಯ ಎರೆಭೂಮಿ ಹದವಾಗಿ ಮಲಗಿತ್ತು. ಕೆಲವು ಹೊಲಗಳಲ್ಲಿ ಹೆಸರು, ಉದ್ದು, ಸೋಯಾ ಬಿತ್ತನೆ ನಡೆದಿತ್ತು. ತೊಗರಿಯವರು ಇನ್ನೊಂದು ಮಳೆಗೆ ಕಾದಿದ್ದರು. ಕಂಗ್ಟಿಯು ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲದ ಊರು. ಪಶ್ಚಿಮಕ್ಕೆ ನಮ್ಮ ಔರಾದ ತಾಲ್ಲೂಕು, ಉತ್ತರಕ್ಕೆ ಮಹಾರಾಷ್ಟ್ರದ ದೇಗಲೂರು ಸೀಮೆ. ಇಲ್ಲಿಯ ಸಂತೆಯಲ್ಲಿ ನಿಂತರೆ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಒಂದೇ ಚೌಕಾಶಿಯಲ್ಲಿ ನಾಲ್ಕೂ ಬಂದರೂ ಆಶ್ಚರ್ಯವಿಲ್ಲ. ಬೆಲೆ ಕೇಳುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ, ಲೆಕ್ಕ ಮುಗಿಸುವುದು ಉರ್ದುವಿನಲ್ಲಿ!

ನಾವು ಹೋದದ್ದು ನಮ್ಮ ಗುರುಗಳ ಮನೆಗೆ. ನಾಲ್ಕನೆಯ ಇಯತ್ತೆಯಲ್ಲಿ ನಮಗೆ ಅಕ್ಷರವನ್ನು ತಿದ್ದಿಸಿದವರು, ಮುಂದೆ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿಸಿದವರು, ಅರ್ಜಿಯ ಶುಲ್ಕವನ್ನೂ ತಾವೇ ಕಟ್ಟಿದವರು ಅವರು. ನಿವೃತ್ತರಾದ ಮೇಲೆ ಸ್ವಂತ ಊರಾದ ಕಂಗ್ಟಿಗೆ ಬಂದು ನೆಲಸಿದ್ದರು. ಅವರು ತೀರಿಕೊಂಡು ಎರಡು ವರ್ಷಗಳಾದವು. ಮಣ್ಣಿಗೆ ಹೋಗಿದ್ದೆವು, ದಿನಕರ್ಮಕ್ಕೆ ಹೋಗಿದ್ದೆವು. ಆ ತರುವಾಯ ಹೋಗಿರಲಿಲ್ಲ. ಜನಗಣತಿ, ಚುನಾವಣೆ, ಪರೀಕ್ಷೆ ಎಂದು ನೆವಗಳು ಬೇಕಾದಷ್ಟು ಸಿಕ್ಕುತ್ತವೆ. ನೆವಗಳೆಂದು ನಮಗೂ ಗೊತ್ತಿತ್ತು. ಅಮ್ಮನವರು ಮಾತ್ರ ಒಂದು ಸಲವೂ ಫೋನು ಮಾಡಿ ಏಕೆ ಬರಲಿಲ್ಲವೆಂದು ಕೇಳಿರಲಿಲ್ಲ. ಕೇಳದೆ ಇದ್ದುದೇ ಹೆಚ್ಚು ಚುಚ್ಚುತ್ತಿತ್ತು.

ಮನೆಯ ಮುಂದೆ ಗುರುಗಳು ನೆಟ್ಟ ಮಾವಿನ ಮರ ಇನ್ನೂ ಹಣ್ಣು ಹೊತ್ತು ನಿಂತಿತ್ತು. ಸಂಗಾರೆಡ್ಡಿಯಲ್ಲಿ ಹಣ್ಣಿನ ಸಂಶೋಧನಾ ಕೇಂದ್ರವೊಂದಿದೆ. ರುಮಾನಿ, ನೀಲಂ ಎಂಬೆರಡು ಜಾತಿಗಳನ್ನು ಕೂಡಿಸಿ ಅಲ್ಲಿಯವರು ತೆಗೆದ ತಳಿಗೆ ನಮ್ಮ ಹೊಳೆಯ ಹೆಸರನ್ನೇ ಇಟ್ಟು 'ಮಂಜಿರಾ' ಎಂದು ಕರೆದರು. ಗುರುಗಳು ಈ ಸಂಗತಿಯನ್ನು ಅಭಿಮಾನದಿಂದ ಹೇಳುತ್ತಿದ್ದರಾದರೂ ತಾವು ನೆಟ್ಟದ್ದು ಮಾತ್ರ ತಿಂದೊಗೆದ ಒಂದು ಗೊರಟೆಯನ್ನು. ನಾರು ಹೆಚ್ಚು, ರಸವೂ ಹೆಚ್ಚು. ಹಿಸುಕಿ ಸೀಕರಣೆ ಮಾಡಲು ಅದಕ್ಕಿಂತ ಮೇಲಾದ ಹಣ್ಣಿಲ್ಲ.

"ಬಾ ತಮ್ಮಾ. ಈಗ ನೆನಪಾತೇನು ದಾರಿ?" ಎಂದರು ಅಮ್ಮನವರು. ಅದೊಂದೇ ಮಾತು. ಆಮೇಲೆ ಕಾಲಿಗೆ ನೀರು, ಕುಡಿಯಲು ನೀರು.

ಪಡಸಾಲೆಯಲ್ಲಿ ಒಂದು ಹೊಸ ಮುಖ. ಅಮೆರಿಕೆಯ ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದಲ್ಲಿರುವ ಮಗಳ ಮಗಳು, ರಜೆಗೆಂದು ಬಂದಿದ್ದಳು. ಇಪ್ಪತ್ತೊಂದರ ಪ್ರಾಯ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬೇಗನೆ ಬರುವುದಿಲ್ಲ. ಒಂದೊಂದು ಶಬ್ದವನ್ನೂ ಬಾವಿಯಿಂದ ಸೇದಿದಂತೆ ತೆಗೆಯುತ್ತಾಳೆ. ಆದರೆ 'ಆಯಿ' ಎಂದು ಕರೆಯುವುದು ಮಾತ್ರ ನಮ್ಮ ಬೀದರ ಕಡೆಯ ಮಕ್ಕಳು ಕರೆದಂತೆಯೇ ಇತ್ತು.

ಆ ದಿನ ಮನೆಯಲ್ಲಿ ಒಂದು ವ್ಯಾಜ್ಯ ನಡೆದಿತ್ತು. ನಾವು ಒಳಗೆ ಬಂದುದೇ ತಡ, ನ್ಯಾಯಾಧೀಶರ ಸ್ಥಾನದಲ್ಲಿ ನಮ್ಮನ್ನು ಕೂಡ್ರಿಸಿದರು.

ವ್ಯಾಜ್ಯದ ಮೂಲ ಇದು. ಅಮ್ಮನವರು ಮಾವಿನ ಹಣ್ಣನ್ನು ತಿನ್ನುವುದಿಲ್ಲ. 2003ರಲ್ಲಿ ಗಂಡಹೆಂಡಿರು ಕಾಶಿಗೆ ಹೋಗಿ, ಜಂಗಮವಾಡಿ ಮಠದಲ್ಲಿ ಉಳಿದು, ವಿಶ್ವನಾಥನ ದರ್ಶನ ಮಾಡಿ ಬಂದಿದ್ದರು. ಕಾಶಿಗೆ ಹೋದವರು ತಮಗೆ ಪ್ರಿಯವಾದುದೊಂದನ್ನು ಅಲ್ಲಿ ಬಿಟ್ಟು ಬರುವ ವಾಡಿಕೆ ವಾಚಕರಿಗೆ ತಿಳಿದದ್ದೇ. ಗುರುಗಳು ಹಾಗಲಕಾಯಿಯನ್ನು ಬಿಟ್ಟು ಬಂದರು. ಹಾಗಲಕಾಯಿಯು ಅವರಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲವೆಂಬುದನ್ನು ಊರೆಲ್ಲ ಬಲ್ಲದು, ವಿಶ್ವನಾಥನೂ ಬಲ್ಲ. ಅಮ್ಮನವರು ಮಾತ್ರ ಮಾವಿನ ಹಣ್ಣನ್ನು ಬಿಟ್ಟರು. ಅವರ ತವರಿನಲ್ಲಿ ಮಾವಿನ ತೋಪಿತ್ತು. ಬುಟ್ಟಿಗಟ್ಟಲೆ ಹಣ್ಣುಗಳ ನಡುವೆ ಬೆಳೆದವರು. ಅಂದಿನಿಂದ ಬೇಸಗೆ ಬಂದರೆ ಮನೆಯವರಿಗೆಲ್ಲ ಸೀಕರಣೆ ಮಾಡಿ, ಹೋಳಿಗೆ ಬಡಿಸಿ, ತಾವು ಮಾತ್ರ ಹಾಲಿನಲ್ಲಿ ಹೋಳಿಗೆಯನ್ನು ಅದ್ದಿಕೊಂಡು ಉಣ್ಣುತ್ತಾ ಬಂದಿದ್ದಾರೆ.

ಈ ಹುಡುಗಿ ಚಿಕ್ಕಂದಿನಲ್ಲಿ ಬಂದಾಗಲೆಲ್ಲ ಅದನ್ನು ನೋಡಿದ್ದಳು. ತಾನು ತಿನ್ನುವಾಗ ಆಯಿ ಎದುರಿಗೆ ಸುಮ್ಮನೆ ಕುಳಿತಿರುವುದು ಅವಳ ಮನಸ್ಸಿನಲ್ಲಿ ಉಳಿದಿತ್ತು. ಅಟ್ಲಾಂಟಾದ ಕಡೆ ಪೀಚ್ ಹಣ್ಣಿನ ಬೆಳೆ ಹೆಸರಾದದ್ದು. ಕ್ಯಾಲಿಫೋರ್ನಿಯಾ, ದಕ್ಷಿಣ ಕೆರೊಲಿನಾಗಳಲ್ಲಿ ಅದಕ್ಕಿಂತ ಹೆಚ್ಚು ಬೆಳೆದರೂ 'ಪೀಚ್ ಹಣ್ಣಿನ ರಾಜ್ಯ' ಎಂಬ ಬಿರುದು ಮಾತ್ರ ಜಾರ್ಜಿಯಾಕ್ಕೇ ಸಂದಿದೆ. ಅಲ್ಲಿಯ ಮನೆಮನೆಗಳಲ್ಲಿ ಈ ಹಣ್ಣನ್ನು ಸಕ್ಕರೆಯೊಡನೆ ಪಾತ್ರೆಗೆ ಹಾಕಿ, ಮೇಲೆ ಹಿಟ್ಟಿನ ಮುದ್ದೆಗಳನ್ನು ಇಟ್ಟು, ಒಲೆಯೊಳಗೆ ಕೆಂಪಗೆ ಬೇಯಿಸುತ್ತಾರೆ. ಹೆಸರು ಕಾಬ್ಲರ್. ಹಣ್ಣಿನ ಬಣ್ಣವೂ ರಸವೂ ಮಾವನ್ನು ಹೋಲುವುದರಿಂದ, ಆಯಿಗೆ ಇದನ್ನು ಮಾಡಿ ಉಣಿಸಬೇಕೆಂದು ಹೈದರಾಬಾದಿನಲ್ಲಿ ಇಳಿದವಳೇ ಎರಡು ಕಿಲೋ ಹಣ್ಣನ್ನು ಕೊಂಡು, ಸಂಗಾರೆಡ್ಡಿ, ಜೋಗಿಪೇಟೆಗಳ ಮೇಲಿಂದ ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಅವುಗಳನ್ನು ಮಡಿಲಲ್ಲಿಟ್ಟುಕೊಂಡೇ ಕ್ರಮಿಸಿದ್ದಳಂತೆ. ಜೂನ್ ಮಾಸದಲ್ಲಿ ಹಿಮಾಚಲದ ಕಡೆಯಿಂದ ಈ ಹಣ್ಣು ದಕ್ಷಿಣದ ಪೇಟೆಗಳಿಗೆ ಬರುತ್ತದೆ. ಅಲ್ಲಿಯ ಸಿರಮೌರ ಜಿಲ್ಲೆಯ ರಾಜಗಢ ಇದಕ್ಕೆ ಹೆಸರುವಾಸಿ. ಹಿಂದಿಯಲ್ಲಿ ಇದನ್ನು ಆಡೂ ಎನ್ನುತ್ತಾರೆ.

ನೆರೆಮನೆಯ ತೆಲುಗು ಹೆಣ್ಣುಮಗಳು ಹಣ್ಣನ್ನು ಕಂಡು, "ಮಾಮಿಡಿ ಪಂಡು ಚೆಲ್ಲೆಲು!" ಎಂದಳಂತೆ. ಎಂದರೆ, ಮಾವಿನ ಹಣ್ಣಿನ ತಂಗಿ. ತಮಾಷೆಗೆ ಆಡಿದ ಮಾತು. ಆದರೆ ಅಮ್ಮನವರು ಕೈ ಹಿಂದಕ್ಕೆ ತೆಗೆದರು. ತಂಗಿಯಾದರೆ ಜಾತಿ ಒಂದೇ ಆಯಿತಲ್ಲ!

"ತಮ್ಮಾ, ನೀ ಹೆಡ್‌ಮಾಸ್ತರ್ ಇದ್ದಿ. ಇದು ಮಾವಿನ ಕುಲದ್ದು ಹೌದೋ ಅಲ್ಲೋ ಖರೇ ಹೇಳು. ಪೋರಿ ಮನಸ್ಸು ನೋಯಬಾರದಂತ ಸುಳ್ಳು ಹೇಳಬ್ಯಾಡ" ಎಂದರು.

ಸುಳ್ಳು ಹೇಳಬೇಕಾದ ಪ್ರಸಂಗ ಬರಲಿಲ್ಲ. ಸಸ್ಯಶಾಸ್ತ್ರಜ್ಞರ ಪ್ರಕಾರ ಮಾವು ಗೇರಿನ ವಂಶಕ್ಕೆ ಸೇರಿದ್ದು. ಪೀಚ್ ಗುಲಾಬಿಯ ವಂಶಕ್ಕೆ ಸೇರಿದ್ದು. ಸೇಬು, ಬಾದಾಮಿ, ಜರ್ದಾಳು ಇವೆಲ್ಲ ಪೀಚಿನ ಬಳಗ. ಆದರೆ ಪುಸ್ತಕದ ಮಾತಿನಿಂದ ಎಂಬತ್ತರ ಸಮೀಪದ ಹಿರಿಯರಿಗೆ ಒಪ್ಪಿಗೆಯಾಗುವುದೆ? 'ತಿಳಿದುದರಿಂದ ತಿಳಿಯದುದರ ಕಡೆಗೆ' ಎಂದು ತರಬೇತಿಯ ಕಾಲದಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಒಂದು ಹಣ್ಣನ್ನು ಕೊಯ್ಯಿಸಿ ಗೊರಟೆಯನ್ನು ಹೊರಗೆ ತೆಗೆದೆವು. ಅಂಗಳದಲ್ಲಿ ಬಿದ್ದಿದ್ದ ಮಾವಿನ ಗೊರಟೆಯೊಂದನ್ನು ಅದರ ಪಕ್ಕಕ್ಕೆ ಇಟ್ಟೆವು. ಮಾವಿನದು ಚಪ್ಪಟೆ, ಮೈಯೆಲ್ಲ ನಾರು. ಪೀಚಿನದು ಗುಂಡಗೆ, ಮೈಯೆಲ್ಲ ಸುಕ್ಕುಸುಕ್ಕು, ಬಾದಾಮಿಯ ಚಿಪ್ಪಿನಂತೆ ಗಟ್ಟಿ. ಕಲ್ಲಿನಿಂದ ಒಡೆದಾಗ ಒಳಗೆ ಬಾದಾಮಿಯಂಥದೇ ಬೀಜ. ಅಮ್ಮನವರು ಅದನ್ನು ಬೆರಳಲ್ಲಿ ಹಿಡಿದು ಮೂಸಿ ನೋಡಿದರು.

"ಇದು ಖುಬಾನಿ ಬೀಜದಂಗ ಅದ."

ಸರಿಯಾಗಿ ಹೇಳಿದ್ದರು. ಹೈದರಾಬಾದಿನ ಮದುವೆಗಳಲ್ಲಿ ಖುಬಾನಿ ಕಾ ಮೀಠಾ ಎಂಬ ಸಿಹಿಯನ್ನು ನಮ್ಮ ಕಡೆಯವರು ಬಲ್ಲರು. ಒಣಗಿದ ಜರ್ದಾಳನ್ನು ರಾತ್ರಿ ನೆನೆಹಾಕಿ, ಸಕ್ಕರೆಯಲ್ಲಿ ಕುದಿಸಿ, ಬೀಜವನ್ನು ಒಡೆದು ಮೇಲೆ ಉದುರಿಸುತ್ತಾರೆ. ಪೀಚ್ ಆ ಜರ್ದಾಳಿನ ಖಾಸಾ ಸಂಬಂಧಿಕ. ಜರ್ದಾಳಿನಲ್ಲಿ ಸಿಹಿ ಬೀಜದ ಜಾತಿಯುಂಟು. ಪೀಚಿನ ಬೀಜವು ಕಹಿ. ಆ ಕಹಿಯೊಳಗಿನ ವಸ್ತುವು ಹೊಟ್ಟೆಯಲ್ಲಿ ವಿಷವಾಗುತ್ತದಾದುದರಿಂದ ಮಕ್ಕಳ ಕೈಗೆ ಅದನ್ನು ಕೊಡಬಾರದು. ಇದನ್ನು ಹೇಳಿ ಬೀಜವನ್ನು ಈಸಿಕೊಂಡೆವು. ಈ ಹಣ್ಣಿನ ಮೂಲದೇಶ ಚೀನ. ಪಾರಸೀಕರ ನಾಡಿನ ಮೇಲಿಂದ ಯುರೋಪಿಗೆ ಹೋದುದರಿಂದ ಅಲ್ಲಿಯವರು ಅದಕ್ಕೆ ಪಾರಸೀಕ ಹಣ್ಣೆಂದು ಹೆಸರಿಟ್ಟರು. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಅಮೆರಿಕೆಗೆ ಒಯ್ದರು. ಅದೀಗ ಅಮೆರಿಕೆಯ ಹುಡುಗಿಯ ನೆವದಿಂದ ಹಿಮಾಚಲದಿಂದ ಕಂಗ್ಟಿಗೆ ಬಂದಿತ್ತು.

ತೀರ್ಪು ಪೀಚಿನ ಕಡೆಗಾಯಿತು. ಗೆದ್ದ ಉತ್ಸಾಹದಲ್ಲಿ ನಾವು ಒಂದು ಮಾತನ್ನು ಹೆಚ್ಚಿಗೆ ಆಡಿ ಸಿಕ್ಕಿಬಿದ್ದೆವು. "ಅವ್ವಾ, ಮಾವಿಗೆ ನಿಜವಾದ ಬಂಧು ಗೋಡಂಬಿ, ಚಾರೋಳಿ" ಎಂದುಬಿಟ್ಟೆವು. ಅಮ್ಮನವರ ಮುಖ ಸಣ್ಣದಾಯಿತು. "ಅಯ್ಯ ಶಿವನೇ! ಇಪ್ಪತ್ತು ವರ್ಷ ಸಜ್ಜಕದಾಗ ಗೋಡಂಬಿ ತಿಂದೀನಲ್ಲೋ!" ನಮ್ಮ ವಾದವು ನಮ್ಮನ್ನೇ ಕಟ್ಟಿಹಾಕಿತು. ಕಾಶಿಯಲ್ಲಿ ಬಿಟ್ಟದ್ದು ಹಣ್ಣನ್ನೇ ಹೊರತು ಹಣ್ಣಿನ ಬಳಗವನ್ನಲ್ಲ ಎಂದು ಸಮಾಧಾನ ಹೇಳಬೇಕಾಯಿತು. ಹಾಗಾದರೆ ಪೀಚಿನ ಕುಲವನ್ನು ಶೋಧಿಸುವ ಅವಶ್ಯಕತೆಯೇ ಇರಲಿಲ್ಲವಲ್ಲ ಎಂದು ಆ ಹುಡುಗಿ ತನ್ನ ತುಂಡು ತುಂಡು ಕನ್ನಡದಲ್ಲಿ ಕೇಳಿದಳು. ತರ್ಕದಲ್ಲಿ ಅವಳೇ ಸರಿ. ನಮ್ಮ ಶಾಲೆಯಲ್ಲಿ ಇಂಥ ಪ್ರಶ್ನೆ ಕೇಳುವ ಮಕ್ಕಳು ವರ್ಷಕ್ಕೊಬ್ಬರು ಸಿಕ್ಕಿದರೆ ಹೆಚ್ಚು.

ಕಾಬ್ಲರ್ ಎಂಬ ಶಬ್ದಕ್ಕೆ ಅರ್ಥವೇನೆಂದು ಅಮ್ಮನವರು ಕೇಳಿದರು. ಇಂಗ್ಲಿಷಿನಲ್ಲಿ ಕೆರ ಹೊಲಿಯುವವನಿಗೂ ಅದೇ ಶಬ್ದ. ತಿನಿಸಿಗೆ ಆ ಹೆಸರು ಹೇಗೆ ಬಂದಿತೆಂದು ಪಂಡಿತರು ಒಮ್ಮತದಿಂದ ಹೇಳುವುದಿಲ್ಲ. ಅಮ್ಮನವರಿಗೆ ಅದರ ಗೊಡವೆ ಬೇಕಾಗಲಿಲ್ಲ. "ಹರಳಯ್ಯ ಶರಣರ ಕಾಯಕದ ಹೆಸರು. ಛಲೋ ಆತು" ಎಂದರು. ಕಲ್ಯಾಣ ನಮಗೆ ದೂರವಿಲ್ಲ.

ಇನ್ನು ಪಾಕದ ಮಾತು. ಹಿಂದಿನ ದಿನ, ಶನಿವಾರ, ಒಂದು ಕಿಲೋ ಹಣ್ಣು ಹಾಳಾಗಿತ್ತು. ಮನೆಯಲ್ಲಿ ಬೇಕರಿಯವರ ಭಟ್ಟಿಯಂಥದು ಇಲ್ಲ. ಕುಕ್ಕರಿನ ಸೀಟಿಯನ್ನು ತೆಗೆದು, ಒಳಗೆ ಉಪ್ಪು ಹರವಿ, ಮೇಲೆ ಪಾತ್ರೆ ಇಟ್ಟು ಮಾಡಬಹುದೆಂದು ಹುಡುಗಿ ಮೊಬೈಲಿನಲ್ಲಿ ನೋಡಿದ್ದಳು. ಕೇಕು ಆ ರೀತಿಯಲ್ಲಿ ಆಗುತ್ತದೆ. ನಮ್ಮ ಮನೆಯಲ್ಲಿಯೂ ಮಾಡಿದ್ದಾರೆ. ಆದರೆ ಹಣ್ಣಿನ ರಸವು ಕುದಿದು ಎದ್ದ ಹಬೆಯು ಮುಚ್ಚಳಕ್ಕೆ ತಾಗಿ, ನೀರಾಗಿ ಹಿಟ್ಟಿನ ಮೇಲೆ ತೊಟ್ಟಿಕ್ಕಿತು. ಕೆಂಪಗೆ ಗರಿಯಾಗಬೇಕಾದ ಹಿಟ್ಟು ಬಿಳಿಯ ಕಡುಬಿನಂತೆ ಆಯಿತು. ಎಮ್ಮೆಯು ಅದನ್ನು ಸಂತೋಷದಿಂದ ತಿಂದಿತಂತೆ. ಈಗ ಉಳಿದದ್ದು ಎಂಟು ಹಣ್ಣು. ಒಂದನ್ನು ನಾವು ನ್ಯಾಯದ ನೆವದಲ್ಲಿ ಕೊಯ್ದಿದ್ದೆವು. ಮರುದಿನ ಹುಡುಗಿ ಹೈದರಾಬಾದಿಗೆ ಹೊರಡಬೇಕು, ಅಲ್ಲಿಂದ ವಿಮಾನ. ಎರಡನೆಯ ಸಲ ಕೆಟ್ಟರೆ ಮೂರನೆಯ ಸಲ ಎಂಬುದಿರಲಿಲ್ಲ.

ಅದೇ ಓಣಿಯಲ್ಲಿ ಲಗ್ನಕಾರ್ಯಗಳಿಗೆ ಅಡಿಗೆ ಮಾಡುವ ಒಬ್ಬ ವೃದ್ಧ ಬಾವರ್ಚಿ ಇದ್ದಾರೆ. ಮನೆಯ ಹಿರಿಯರಿಗೆ ಗುರುಗಳ ಗೆಳೆಯರು; ಹುಡುಗಿಗೆ ಚಾಚಾ. ಅಮ್ಮನವರು ಕರೆಯಿಸಿದರು. ಅವರು ಸಂಗತಿಯನ್ನೆಲ್ಲ ಕೇಳಿ, ಕುಕ್ಕರನ್ನು ಒಮ್ಮೆ ತಿರಸ್ಕಾರದಿಂದ ನೋಡಿ, "ನೀಚೆ ಏಕ್, ಊಪರ್ ದೋ" ಎಂದರು. ಕೆಳಗೆ ಒಂದು ಪಾಲು ಕೆಂಡ, ಮೇಲೆ ಎರಡು ಪಾಲು.

ಆ ಒಂದು ಸೂತ್ರದಲ್ಲಿ ಇಡೀ ಪಾಕದ ಮರ್ಮವಿದೆ. ಹಣ್ಣು ಕೆಳಗಿರುತ್ತದೆ, ನೀರಿನಂಶ ಹೆಚ್ಚು. ಸ್ವಲ್ಪ ಕಾವಿಗೇ ಕುದಿಯುತ್ತದೆ, ಕಾವು ಮಿತಿಮೀರಿದರೆ ತಳ ಹಿಡಿಯುತ್ತದೆ. ಹಿಟ್ಟು ಮೇಲಿರುತ್ತದೆ, ಅದಕ್ಕೆ ಬೇಕಾದುದು ಹಬೆಯಲ್ಲ, ಒಣ ಕಾವು. ಮುಚ್ಚಳದ ಮೇಲೆ ಕೆಂಡವಿದ್ದರೆ ಮುಚ್ಚಳವೇ ಕಾದು ಹಬೆ ಅಲ್ಲಿ ನೀರಾಗದು. ಬಿರಿಯಾನಿಯ ದಮ್ಮಿಗೆ ಮುಚ್ಚಳದ ಸುತ್ತ ಕಣಕವನ್ನು ಮೆತ್ತಿ ಬಿಗಿಮಾಡುವವರು, ಇಲ್ಲಿ ಅದಕ್ಕೆ ವಿರುದ್ಧವಾಗಿ ಒಂದು ಕಡೆ ಕಡ್ಡಿ ಸಿಕ್ಕಿಸಿ ಹಬೆಗೆ ದಾರಿ ಬಿಡಬೇಕೆಂದರು. ಆಮೇಲೆ ಹುಡುಗಿ ಹೇಳಿದಳು: ಅಮೆರಿಕೆಯಲ್ಲಿ ಹಿಂದೆ ದನಗಾಹಿಗಳು ಬಯಲಿನಲ್ಲಿ ಬಿಡಾರ ಮಾಡಿದಾಗ ದಪ್ಪ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಸುರಿದೇ ಕಾಬ್ಲರ್ ಮಾಡುತ್ತಿದ್ದರಂತೆ, ಮೇಲೆ ಹೆಚ್ಚು ಕೆಳಗೆ ಕಡಿಮೆ ಎಂಬುದೇ ಅವರ ಲೆಕ್ಕವೂ ಆಗಿತ್ತಂತೆ. ಚಾಚಾ ಆಶ್ಚರ್ಯಪಡಲಿಲ್ಲ. "ಬೆಂಕಿ ಎಲ್ಲಾ ಕಡಿ ಒಂದೇ ಅದ ಬೇಟಾ" ಎಂದರು.

ಮನೆಯಲ್ಲಿ ಮಾಡಿ ನೋಡಬಯಸುವ ಸೋದರಿಯರಿಗಾಗಿ ನಾವು ನೋಡಿದ ವಿಧಾನವನ್ನು ಬರೆಯುತ್ತೇವೆ. ಹಣ್ಣು ಏಳೆಂಟು, ಹದವಾಗಿ ಪಕ್ವವಾದವು. ತೀರ ಮೆತ್ತಗಾದರೆ ಕರಗಿ ಹೋಗುತ್ತವೆ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ತಣ್ಣೀರಿಗೆ ಹಾಕಿದರೆ ಮೇಲಿನ ಸಣ್ಣ ಉಣ್ಣೆಯಂಥ ಸಿಪ್ಪೆಯು ಉಗುರಿನಿಂದಲೇ ಸುಲಿದು ಬರುತ್ತದೆ. ನಮಗೆ ಸಿಕ್ಕವು ತಿರುಳು ಗೊರಟೆಗೆ ಬಿಗಿಯಾಗಿ ಅಂಟಿದ ಜಾತಿಯವು. ಗೊರಟೆಯ ಸುತ್ತ ಹೋಳುಹೋಳಾಗಿ ಕೊಯ್ದು ತೆಗೆಯಬೇಕಾಯಿತು. ಹೋಳುಗಳಿಗೆ ಅರ್ಧ ಬಟ್ಟಲು ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ರಸ ಗಟ್ಟಿಯಾಗಲೆಂದು ಒಂದು ಚಮಚ ಅಕ್ಕಿಹಿಟ್ಟು. ಅಲ್ಲಿಯವರು ದಾಲ್ಚಿನ್ನಿಯ ಪುಡಿಯನ್ನು ಹಾಕುತ್ತಾರೆ. ಅಮ್ಮನವರು ಅದರೊಡನೆ ಎರಡು ಏಲಕ್ಕಿಯನ್ನು ಕುಟ್ಟಿ ಸೇರಿಸಿದರು, ಸಕ್ಕರೆಯಲ್ಲಿ ಒಂದು ಹಿಡಿ ತೆಗೆದು ಬೆಲ್ಲ ಹಾಕಿದರು. ಹುಡುಗಿ ತಡೆಯಲು ಹೋಗಿ ಸುಮ್ಮನಾದಳು.

ಮೇಲಿನ ಹಿಟ್ಟಿಗೆ ಒಂದೂವರೆ ಬಟ್ಟಲು ಮೈದಾ, ಮೂರು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಬೇಕಿಂಗ್ ಪೌಡರ್ ಶನಿವಾರವೇ ತೀರಿಹೋಗಿತ್ತು. ಬಜ್ಜಿಗೆಂದು ಇಟ್ಟ ಅಡಿಗೆ ಸೋಡಾ ಮನೆಯಲ್ಲಿತ್ತು. ಹುಳಿ ಮಜ್ಜಿಗೆಯೂ ಇತ್ತು. ಸೋಡಾ ಮತ್ತು ಹುಳಿ ಕೂಡಿದರೆ ಅನಿಲವೆದ್ದು ಹಿಟ್ಟು ಉಬ್ಬುತ್ತದೆಂಬುದನ್ನು ಪ್ರತಿ ವರ್ಷ ಮಕ್ಕಳಿಗೆ ನಿಂಬೆಹಣ್ಣು ಹಿಂಡಿ ತೋರಿಸುವವರು ನಾವು. ಚಹದ ಚಮಚದಲ್ಲಿ ಅರ್ಧದಷ್ಟು ಸೋಡಾ ಸಾಕು. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ನಿಂಬೆಗಾತ್ರದ ಎರಡು ಬೆಣ್ಣೆಯ ಉಂಡೆಗಳನ್ನು ತಣ್ಣೀರಿನಲ್ಲಿಟ್ಟು ಗಟ್ಟಿಮಾಡಿ, ಹಿಟ್ಟಿನಲ್ಲಿ ಬೆರಳ ತುದಿಯಿಂದ ತಿಕ್ಕಿ, ರವೆಯಂತೆ ಉದುರಾದಾಗ ಅರ್ಧ ಬಟ್ಟಲು ಮಜ್ಜಿಗೆ ಸುರಿದು ಕೂಡಿಸಿದಳು. ನಾದಬಾರದು. ಈ ಮಾತನ್ನು ಅಮ್ಮನವರಿಗೆ ಒಪ್ಪಿಸುವುದೇ ಕಠಿಣವಾಯಿತು. ಅರುವತ್ತು ವರ್ಷ ಕಣಕವನ್ನು ನಾದಿದ ಕೈ! ನಾದಿದಷ್ಟು ಕಣಕಕ್ಕೆ ಜಿಗಿ ಬರುತ್ತದೆ. ಹೋಳಿಗೆಗೆ ಬೇಕಾದ ಜಿಗಿಯೇ ಇಲ್ಲಿ ಶತ್ರು. "ಹಂಗಾದ್ರ ಇದು ಸೋಮಾರಿಗಳ ಹಿಟ್ಟು" ಎಂದು ಅವರು ಪಕ್ಕಕ್ಕೆ ಸರಿದು ಕುಳಿತರು.

ದೇಗಚಿಗೆ ಬೆಣ್ಣೆ ಸವರಿ, ಹಣ್ಣನ್ನು ಹಾಕಿ ಮೊದಲು ಒಂದು ಕುದಿ ಬರಿಸಿದರು. ಕುದಿಯುವ ಹಣ್ಣಿನ ಮೇಲೆ ಇಟ್ಟರೆ ಹಿಟ್ಟಿನ ತಳಭಾಗ ಹಸಿಯಾಗಿ ಉಳಿಯುವುದಿಲ್ಲ. ಹಿಟ್ಟನ್ನು ಚಮಚದಿಂದ ಅಲ್ಲಲ್ಲಿ ಇಟ್ಟು, ನಡುವೆ ಹಬೆಗೆ ಸಂದು ಬಿಟ್ಟು, ಮುಚ್ಚಳ ಮುಚ್ಚಿ, ಅಂಗಳದಲ್ಲಿ ಮಾವಿನ ಮರದಿಂದ ದೂರಕ್ಕೆ ಹೂಡಿದ ಮೂರು ಕಲ್ಲುಗಳ ಮೇಲೆ ಇಟ್ಟರು. ಜಾಲಿ ಕಟ್ಟಿಗೆಯ ಕೆಂಡವನ್ನು ಚಾಚಾ ಇಕ್ಕಳದಿಂದ ಎಣಿಸಿದಂತೆ ಹಾಕಿದರು. ಮುಚ್ಚಳದ ಮೇಲೆ ನಡುವೆ ಕಡಿಮೆ, ಅಂಚಿಗೆ ಹೆಚ್ಚು.

ಇನ್ನು ಮುಕ್ಕಾಲು ಗಂಟೆ ಕಾಯುವುದೊಂದೇ ಕೆಲಸ. ಆಗ ಹುಡುಗಿ ಕೇಳಿದಳು, "ಆಯಿ, ಮಾವು ಯಾಕ ಬಿಟ್ಟಿ? ಬ್ಯಾರೆ ಏನಾರ ಬಿಡಬಹುದಿತ್ತು."

ಅಮ್ಮನವರು ತಕ್ಷಣ ಉತ್ತರ ಹೇಳಲಿಲ್ಲ. ಬೂದಿಯನ್ನು ಕಡ್ಡಿಯಿಂದ ಕೆದರುತ್ತಾ ಕುಳಿತಿದ್ದವರು ನಮ್ಮ ಕಡೆ ನೋಡದೆ, ಕೆಂಡದ ಕಡೆ ನೋಡುತ್ತಲೇ ಹೇಳಿದರು. ಆ ವರ್ಷ ಮಗಳು ಪರದೇಶದಲ್ಲಿ ಬಸುರಿ. ಅದಕ್ಕೆ ಮೊದಲು ಎರಡು ಸಲ ನಿಂತಿರಲಿಲ್ಲ. ಈ ಸಲವೂ ಡಾಕ್ಟರರು ಹಾಸಿಗೆ ಬಿಟ್ಟು ಏಳಬಾರದೆಂದಿದ್ದರು. ಇವರಿಗೆ ಹೋಗಲು ವೀಸಾ ಸಿಗಲಿಲ್ಲ. ಅಷ್ಟು ದೂರಕ್ಕೆ ತಾಯಿಯ ಕೈ ಹೇಗೆ ಮುಟ್ಟಬೇಕು? ಕಾಶಿಗೆ ಹೋದರು. "ಸಣ್ಣದು ಕೊಟ್ಟರ ಸಣ್ಣದು ಸಿಗ್ತದಂತ ಅನಸ್ತು. ನನಗ ಬಾಳ ಪ್ರೀತಿದು ಅದೊಂದೇ ಇತ್ತು. ನೀ ಬಂದಿ. ಕೊಟ್ಟದ್ದು ಮತ್ತ ಕೇಳತಾರೇನು?"

ಹುಡುಗಿಗೆ ಈ ಸಂಗತಿ ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲ, ಗುರುಗಳು ಹಾಗಲಕಾಯಿಯ ಕಥೆಯನ್ನು ಹತ್ತು ಸಲ ಹೇಳಿ ನಗಿಸಿದ್ದರು, ಇದನ್ನು ಒಂದು ಸಲವೂ ಹೇಳಿರಲಿಲ್ಲ. ಆ ಎಲ್ಲಾ ಮಾತುಗಳಲ್ಲಿ ಹುಡುಗಿಗೆ ಎಷ್ಟು ತಿಳಿಯಿತೋ ಎಂದು ನಾವು ಒಂದೆರಡು ಶಬ್ದಗಳನ್ನು ಬಿಡಿಸಿ ಹೇಳಲು ಹೋದೆವು. ಅವಳು ಕೈಯೆತ್ತಿ ತಡೆದಳು. ಎದ್ದು ಹೋಗಿ ಇಕ್ಕಳದಲ್ಲಿ ಒಂದು ಕೆಂಡ ತಂದು, ಬೇಕಿತ್ತೋ ಇಲ್ಲವೋ, ಮುಚ್ಚಳದ ಮೇಲೆ ಇಟ್ಟಳು. ಚಾಚಾ ಅದನ್ನು ಸದ್ದಿಲ್ಲದೆ ತೆಗೆದು ಕೆಳಗೆ ಹಾಕಿದರು.

ಮುಚ್ಚಳ ತೆಗೆದಾಗ ಬಂದ ಪರಿಮಳ ಜರ್ದಾಳಿನದೂ ಅಲ್ಲ, ಮಾವಿನದೂ ಅಲ್ಲ. ಹಿಟ್ಟು ಬಿರಿದು ಕೆಂಪಾಗಿತ್ತು. ಸಂದುಗಳಲ್ಲಿ ಹಳದಿಯ ರಸವು ಗುಳುಗುಳು ಏಳುತ್ತಿತ್ತು. ಒಂದು ಮಗ್ಗುಲು ತುಸು ಹೊತ್ತಿತ್ತು. ಹತ್ತು ನಿಮಿಷ ಆರಲು ಬಿಟ್ಟ ಮೇಲೆ ಹುಡುಗಿ ಮೊದಲ ಬಟ್ಟಲನ್ನು ಆಯಿಯ ಕೈಗೆ ಕೊಟ್ಟಳು. ಅಲ್ಲಿಯವರು ಇದರ ಮೇಲೆ ಐಸ್‌ಕ್ರೀಮು ಹಾಕಿಕೊಳ್ಳುತ್ತಾರೆ; ಇಲ್ಲಿ ಎಮ್ಮೆಯ ಹಾಲಿನ ಕೆನೆ ಇತ್ತು, ಯಾವುದಕ್ಕೂ ಕಡಿಮೆಯಿಲ್ಲ.

ಅಮ್ಮನವರು ವಿಭೂತಿಯ ಹಣೆಯನ್ನು ಮುಟ್ಟಿಕೊಂಡು, ಒಂದು ಚಮಚ ಬಾಯಿಗೆ ಹಾಕಿಕೊಂಡರು. ನಾವೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಕಾದೆವು. ಎರಡನೆಯ ಚಮಚ. ಮೂರನೆಯದು.

"ಮಾವಿನಂಗ ಇಲ್ಲ ಬಿಡು" ಎಂದರು. ತುಸು ತಡೆದು, "ಇನ್ನಷ್ಟು ಹಾಕು" ಎಂದರು.

ಹುಡುಗಿ ನಕ್ಕಳು, ಕಣ್ಣು ಒರೆಸಿಕೊಂಡಳು, ಹಾಕಿದಳು. ಚಾಚಾ ಎರಡು ಬಟ್ಟಲು ಉಂಡು, ಇದಕ್ಕೆ ಒಂದು ಹಿಡಿ ಖೋವಾ ಬೇಕಿತ್ತು ಎಂಬ ಅಭಿಪ್ರಾಯವನ್ನು ಕೊಟ್ಟರು. ನೆರೆಮನೆಯ ತೆಲುಗು ಹೆಣ್ಣುಮಗಳಿಗೂ ಒಂದು ಬಟ್ಟಲು ಹೋಯಿತು.

ಸೀತಾಫಲದ ಸುಗ್ಗಿಯಲ್ಲಿ ಇದನ್ನೇ ಸೀತಾಫಲದಿಂದ ಮಾಡಬಹುದೆ ಎಂದು ಅಮ್ಮನವರು ಕೇಳಿದರು. ಬೇಡವೆಂದೆವು. ಸೀತಾಫಲದ ತಿರುಳನ್ನು ಕುದಿಸಿದರೆ ಕಹಿಯಾಗುತ್ತದೆ. ಅದನ್ನು ಹಸಿಯಾಗಿಯೇ ತಿನ್ನಬೇಕು, ಇಲ್ಲವೆ ತಣ್ಣಗಾದ ಹಾಲ್ಕೆನೆಗೆ ಬೆರಸಬೇಕು. ಪೇರಲ ಹಣ್ಣಿನಿಂದ ಆಗಬಹುದು, ಬೀಜ ಸೋಸಿ ಮಾಡಿದರೆ. ಅಮ್ಮನವರು ಪೇರಲವನ್ನು ಮನಸ್ಸಿನಲ್ಲಿಟ್ಟುಕೊಂಡಂತೆ ಕಂಡಿತು. ಕೆಂಡದ ಲೆಕ್ಕ, ಮಜ್ಜಿಗೆಯ ಅಳತೆ ಎಲ್ಲವನ್ನೂ ನಮ್ಮಿಂದ ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆಯಿಸಿಕೊಂಡರು. ಹುಡುಗಿ ಅದರ ಕೆಳಗೆ ತಾನೂ ಒಂದು ಸಾಲು ಬರೆಯುವೆನೆಂದು ಹಟ ಹಿಡಿದಳು. ಆಯಿಯ ಬೆರಳು ಅವಳ ಬೆರಳಿನ ಮೇಲಿತ್ತು. 'ನಾದಬಾರದು' ಎಂಬ ನಾಲ್ಕಕ್ಷರ ಬರೆಯಲು ಐದು ನಿಮಿಷ ಹಿಡಿಯಿತು. 'ದ'ಕಾರ ಎರಡೂ ಕಡೆ ತಲೆಕಟ್ಟಿಲ್ಲದೆ ಉಳಿಯಿತು. ಐದಕ್ಷರವಲ್ಲವೇ ಎಂದು ಎಣಿಸುವ ವಾಚಕರಿಗೆ ಹೇಳುವುದೇನೆಂದರೆ, ಹುಡುಗಿ 'ರ'ಕಾರವನ್ನು ಬಿಟ್ಟಿದ್ದಳು. ನಾವು ತಿದ್ದಲಿಲ್ಲ.

ಸಂಜೆಯ ಬಸ್ಸಿಗೆ ಹೊರಟಾಗ ನಮ್ಮ ಮನೆಯವರಿಗೆಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಉಳಿದುದನ್ನು ಹಾಕಿಕೊಟ್ಟರು, ಅದರ ಮೇಲೊಂದು ಚೀಲದಲ್ಲಿ ಮರದ ಮಾವಿನ ಹಣ್ಣು. "ಡಬ್ಬಿ ತಿರುಗಿ ಕೊಡ್ಲಾಕ ಬಾ. ನಿಮ್ಮ ಗುರುಗಳದು ಅದು" ಎಂದರು. ಮುಚ್ಚಳದ ಮೇಲೆ ಗುರುಗಳ ಹೆಸರನ್ನು ಕೊರೆದಿತ್ತು, ಶಾಲೆಗೆ ಬುತ್ತಿ ಒಯ್ಯುತ್ತಿದ್ದ ಕಾಲದ್ದು. ಮಂಜಿರಾ ದಾಟುವವರೆಗೂ ಅದು ಮಡಿಲಲ್ಲಿ ಬೆಚ್ಚಗಿತ್ತು.

ಬರಿಯ ಡಬ್ಬಿಯನ್ನು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಶ್ರಾವಣದಲ್ಲಿ ಶೇಂಗಾ ಹೋಳಿಗೆ ಮಾಡಿ ತುಂಬಿ ಕೊಡುವುದೆಂದು ನಮ್ಮ ಮನೆಯವರು ನಿಶ್ಚಯಿಸಿದ್ದಾರೆ. ಮೊದಲನೆಯ ಸೋಮವಾರಕ್ಕೆ ರಜೆಯ ಅರ್ಜಿಯನ್ನು ಈಗಲೇ ಬರೆದಿಟ್ಟಿದ್ದೇವೆ.